ಹೋರಿ ಬಂದ, ಜನ ಬಂತು

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಇದು ಊಹೆಯಲ್ಲ. ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ತೊಗರ್ಸಿಗೆ ಹತ್ತಿರದ ಒಂದು ಹಳ್ಳಿ. ದೀಪಾವಳಿ ಮುಗಿದು ಹೋರಿ ಬೆದರಿಸುವ ಆಟ ನಡೆದಿತ್ತು. ಕೊರಳ ತುಂಬ ಕೊಬ್ಬರಿ ಹಾರ ಕಟ್ಟಿದ ಹೋರಿಯನ್ನು ಎರಡು ಬದಿಗೂ ಬೇಲಿ ಹಾಕಿದ ಓಣಿಯಲ್ಲಿ ಓಡಿಸುವುದು, ಹಾರ ಕೀಳಲು ಹುಡುಗರು ಮೈಮೇಲೆ ಬೀಳುವುದು, ಯಾರ ಕೈಗೂ ಸಿಗದೆ ದಾಟಿದ ಹೋರಿ ಗೆದ್ದಂತೆ. ಹನುಮಂತಪ್ಪನ ಹೋರಿ ಸರದಾರ ನನ್ನೆದುರು ಹಾದು ಹೋದ. ಹೊತ್ತು ಬರೆದೆ, ಪೆನ್ನಿಗೆ ಮುಚ್ಚಳ ಹಾಕಿದೆ, ಬೇಲಿಯಿಂದ ಓಣಿಗೆ ಇಳಿದೆ. ನನ್ನ ಜೊತೆ ಊರೇ ಇಳಿಯಿತು. ಮುಂದೆ ಹೋದ ಹೋರಿ ಹಿಂದಕ್ಕೆ ಬರುವುದಿಲ್ಲವೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಆಗ ಹಿಂದಿನಿಂದ ಮೈಕಿನಲ್ಲಿ ಹನುಮಂತಪ್ಪನ ದನಿ ಕೇಳಿತು. "ಬಾರೋ ಸರದಾರಾ, ಬಾ, ಬಾ, ಬಾ..."

ಹನುಮಂತಪ್ಪ ಇದ್ದದ್ದು ಓಣಿಯ ಆ ತುದಿಯಲ್ಲಿ. ದನಿ ಬಂದದ್ದು ಹೋರಿ ಓಟ ಶುರುಮಾಡಿದ ಈ ತುದಿಯಿಂದ.

ನಿವೃತ್ತನಾಗಿ ಇಷ್ಟು ವರ್ಷವಾದರೂ ಮಧ್ಯಾಹ್ನದ ಕಾಫಿಯ ಹೊತ್ತಿಗೆ ಒಮ್ಮೊಮ್ಮೆ ಕೈ ನಿಲ್ಲುತ್ತದೆ. ಓಣಿಯ ಧೂಳು ಕಣ್ಣೆದುರು ಏಳುತ್ತದೆ. ನಾನು ಮತ್ತೆ ಬೇಲಿಯಿಂದ ಇಳಿಯುತ್ತೇನೆ, ಮತ್ತೆ ಆ ದನಿ ಕೇಳುತ್ತದೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮನೆಗೆ ಬಂದು, "ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್?" ಎಂದು ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಕನ್ನಡ ಓದಿ ಬಿ.ಎ. ಮುಗಿಸಿದ್ದೆ. ಹಳ್ಳಿಯವರು ಆಡುವ ಕನ್ನಡವನ್ನು ಆಡಿದ ಹಾಗೇ ಬರೆದು ತರುವ ಕೆಲಸ ಸಿಕ್ಕಿತು. ಶಿಕಾರಿಪುರ, ಸೊರಬ ಎರಡು ತಾಲ್ಲೂಕು ನಮ್ಮ ಪಾಲಿಗೆ. "ಇದಕ್ಕೂ ಸಂಬಳ ಕೊಡ್ತಾರಾ?" ಎಂದು ನಮ್ಮ ಸೋದರಮಾವ ಕೇಳಿದ್ದರು. ಅವರಿಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ.

ನನ್ನ ಮೇಲಿನವರು ಸೇತುರಾಮಯ್ಯನವರು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ಬಿಸಿಲಿರಲಿ ಮಳೆ ಇರಲಿ ಕೈಯಲ್ಲೊಂದು ಛತ್ರಿ. ಹಳಗನ್ನಡ ವ್ಯಾಕರಣ ಬಾಯಿಪಾಠ. ಆ ವರ್ಷ ಅವರು ಹಿಡಿದಿದ್ದ ವಿಷಯ, ಕರ್ತೃವಿಗೂ ಕ್ರಿಯಾಪದಕ್ಕೂ ಇರುವ ಹೊಂದಾಣಿಕೆ. ಪುಸ್ತಕದ ಪ್ರಕಾರ ಇದು ಸುಲಭ. ಕರ್ತೃ ಏಕವಚನವಾದರೆ ಕ್ರಿಯಾಪದವೂ ಏಕವಚನ. ಕರ್ತೃ ಪ್ರಾಣಿಯಾದರೆ ಕ್ರಿಯಾಪದ ನಪುಂಸಕ. ಆದರೆ ಜನ ಮಾತಾಡುವಾಗ ಪದದ ರೂಪ ನೋಡುವುದಿಲ್ಲ, ಮನಸ್ಸಿನಲ್ಲಿರುವ ಅರ್ಥ ನೋಡಿ ಕ್ರಿಯಾಪದ ಹಚ್ಚುತ್ತಾರೆ. ಎಲ್ಲಿ, ಯಾವಾಗ, ಹೇಗೆ ಎಂಬುದನ್ನು ಚೀಟಿಗಳಲ್ಲಿ ಬರೆದು ತರಬೇಕಿತ್ತು.

ಮೊದಲ ಚೀಟಿ ಸಿಕ್ಕಿದ್ದು ಶಿಕಾರಿಪುರದ ಬಸ್ ನಿಲ್ದಾಣದಲ್ಲೇ. ಸೊರಬದ ಬಸ್ಸು ಹೊರಡಲು ಗುರುಗುಡುತ್ತಿತ್ತು. ಡ್ರೈವರ್ ಕೂಗಿದ, "ಹೋಗೋಣೇನೋ?"

ಕಂಡಕ್ಟರ್ ಬಾಗಿಲಿನಿಂದ, "ತಡೀಯೋ, ಶಿರಾಳಕೊಪ್ಪ ಇನ್ನೂ ಹತ್ತಿಲ್ಲ. ಎಲಿ ಅಡಿಕಿ ತರಾಕ ಹೋಗ್ಯಾರ."

"ಸೊರಬ?"

"ಸೊರಬ ಆಗಲೇ ಕುಂತಾರ. ಗೊರಕಿ ಹೊಡೀತಾರ, ಕೇಳಂಗಿಲ್ಲೇನು?"

ಸೇತುರಾಮಯ್ಯನವರು ನನ್ನ ಕಿವಿಯಲ್ಲಿ, "ಒಂದು ಊರು ಎಲೆ ಅಡಿಕೆ ತರಲು ಹೋಗಿದ್ದಾರೆ, ಇನ್ನೊಂದು ಊರು ಗೊರಕೆ ಹೊಡೆಯುತ್ತಿದ್ದಾರೆ. ಬರಕೊಳ್ಳಯ್ಯ!" ಎಂದರು. ನಾನು ಚೀಟಿ ತೆಗೆದದ್ದನ್ನು ಕಂಡು ಕಂಡಕ್ಟರನ ಮುಖ ಬಿಳುಚಿತು. "ಸಾಹೇಬ್ರ, ಎಲ್ಲರಿಗೂ ಟಿಕೆಟ್ ಕೊಟ್ಟೀನ್ರಿ. ಬೇಕಾದ್ರ ಎಬ್ಬಿಸಿ ಕೇಳ್ರಿ ಸೊರಬಾನ!"

ಸೊರಬದ ಕಡೆ ಮಾತು ಬೇರೆ ದಾರಿ ಹಿಡಿಯುತ್ತಿತ್ತು. ಕುಪ್ಪಗಡ್ಡೆಯಲ್ಲಿ ಯಂಕಮ್ಮ ಎಂಬ ನಡುವಯಸ್ಸಿನ ಹೆಂಗಸಿನ ಎದುರು ಕೂತು ನಮ್ಮ ಪ್ರಶ್ನೆ ಕೇಳಿದೆ. "ಮಗು ಬಂತು ಅಂತೀರೋ, ಮಗು ಬಂದಳು ಅಂತೀರೋ?"

"ಯಾರ ಮನೆ ಮಗು ಮಾರಾಯ್ರೆ?"

"ಯಾರದ್ದಾದರೂ ಆಗಲಿ."

"ಯಾರದ್ದೂ ಅಲ್ಲದ ಮಗು ಎಲ್ಲಿಂದ ಬರ್ತದೆ? ಹೆಣ್ಣೋ ಗಂಡೋ? ನಡ್ಕೊಂಡು ಬಂತೋ, ಎತ್ಕೊಂಡು ಬಂದ್ರೋ?"

ನನ್ನ ಪ್ರಶ್ನೆಯಲ್ಲಿ ಇದೊಂದೂ ಇರಲಿಲ್ಲ. ಆಕೆ ತನ್ನ ಮಗಳ ಮಾತು ತೆಗೆದಳು. "ನಮ್ಮ ಸೀತೆ ಐತಲ್ಲ, ಅದು ಭಾಳ ಮೆತ್ತಗೆ. ಒಂದು ಮಾತು ಎದುರಾಡಾದಿಲ್ಲ ಅದು." ಹೇಳಿ ಮುಗಿಸುವಷ್ಟರಲ್ಲಿ ಹಿತ್ತಿಲಲ್ಲಿ ಮಣ್ಣಿನ ಗಡಿಗೆ ಒಡೆದ ಸದ್ದು. "ಒಡೆದ್ಲು ನೋಡಿ! ಅವಳ ಕೈಗೆ ಏನು ಕೊಟ್ರೂ ಅಷ್ಟೇ!" ಪ್ರೀತಿ ಇದ್ದಾಗ ಮಗಳು 'ಅದು', ಸಿಟ್ಟು ಬಂದಾಗ 'ಅವಳು'. ಸ್ವಲ್ಪ ಹೊತ್ತಿಗೆ ಸೀತೆ ತಲೆ ತಗ್ಗಿಸಿ ಕಾಫಿ ತಂದಿಟ್ಟಳು. ಯಂಕಮ್ಮನ ದನಿ ಮೆತ್ತಗಾಯಿತು. "ಹೋಗ್ಲಿ ಬಿಡಿ, ಬೆಳಗಿಂದ ಒಂದೇ ಸಮ ಕೆಲಸ ಮಾಡ್ತೈತೆ, ಪಾಪ." ಮಗಳು ಮತ್ತೆ 'ಅದು' ಆಗಿದ್ದಳು.

ಸೇತುರಾಮಯ್ಯನವರಿಗೆ ಒಂದು ಚಟವಿತ್ತು. ತಪ್ಪು ಕಿವಿಗೆ ಬಿದ್ದರೆ ತಿದ್ದದೆ ಇರಲಾರರು. ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೈತನೊಬ್ಬ "ದನ ಬಂದ್ವು" ಎಂದ. ಅವನ ಕಣ್ಣ ಮುಂದೆ ಇದ್ದದ್ದು ಇಡೀ ಮಂದೆ. ಇವರು ನಯವಾಗಿ, "ದನ ಬಂದಿತು, ಅಲ್ಲವೇ?" ಎಂದರು. ರೈತ ಸೆಟೆದು ಕೂತ. ಆಮೇಲೆ ಅವನ ಬಾಯಿಂದ ಬಂದದ್ದೆಲ್ಲ, "ನನ್ನ ಹೆಂಡತಿಯು ನೀರನ್ನು ತರುತ್ತಾಳೆ, ನಾನು ಅದನ್ನು ಕುಡಿಯುತ್ತೇನೆ." ಒಳಗಿನಿಂದ ಹೆಂಡತಿ ಓಡಿ ಬಂದು ಅವನ ಹಣೆ ಮುಟ್ಟಿ ನೋಡಿದಳು. "ಏನಾತ್ರೀ ನಿಮಗ, ಜ್ವರ ಗಿರ ಬಂತೇನು?" ಆ ಊರಿನಲ್ಲಿ ಒಂದು ವಾಕ್ಯವೂ ಸಿಗಲಿಲ್ಲ. ದಾರಿಯಲ್ಲಿ ಸೇತುರಾಮಯ್ಯನವರು ಛತ್ರಿಯ ತುದಿಯಿಂದ ನೆಲ ಕುಟ್ಟುತ್ತಾ, "ನನ್ನ ಬಾಯಿಗೊಂದು ಹೊಲಿಗೆ ಹಾಕಿಸಬೇಕಯ್ಯ" ಎಂದರು. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಅದೇ. ಕೇಳಲು ಹೋದವರು ತಿದ್ದಲು ಕೂರಬಾರದು.

ಅದೇ ಹೊತ್ತಿಗೆ ನಮಗೆ ಟೇಪ್ ಯಂತ್ರ ಬಂತು. ಅಕ್ಕಿ ಡಬ್ಬದಷ್ಟು ಭಾರ, ಬ್ಯಾಟರಿಯ ಮೇಲೆ ನಡೆಯುವಂಥದ್ದು, ಮೇಲೆ ಎರಡು ಸುರುಳಿ. ಈಗಿನವರು ಅಂಗೈಯಲ್ಲಿ ಮುಚ್ಚಿಕೊಳ್ಳುವಂಥ ಯಂತ್ರದಲ್ಲಿ ಒಂದೂರಿನ ಮಾತನ್ನೆಲ್ಲ ತುಂಬಿ ತರುತ್ತಾರೆ. ನಾವು ನಮ್ಮ ಯಂತ್ರವನ್ನು ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ, ಮಗುವಿನಂತೆ ಹಿಡಿದುಕೊಂಡು ಹೋಗುತ್ತಿದ್ದೆವು.

ಹನುಮಂತಪ್ಪನ ಅಂಗಳಕ್ಕೆ ನಾವು ಹೋದದ್ದು ಹಾಗೆ. ಎತ್ತರದ ಆಳು, ಮಾತು ಕಡಿಮೆ. ಅವನ ಹೆಂಡತಿ ಗೌರವ್ವ ಇಬ್ಬರ ಮಾತನ್ನೂ ತಾನೇ ಆಡುತ್ತಿದ್ದಳು. ಕೊಟ್ಟಿಗೆಯಲ್ಲಿ ಸರದಾರ. ಬೂದು ಮೈ, ಕಾಡಿಗೆ ಹಚ್ಚಿದಂಥ ಕಣ್ಣು. ಮಕ್ಕಳಿಲ್ಲದ ಮನೆ, ಅವನನ್ನು ಕರುವಾಗಿದ್ದಾಗಿನಿಂದ ಕೈತುತ್ತು ಹಾಕಿ ಸಾಕಿದ್ದರು.

"ಸಂಜೆ ಹೋರಿ ಮನೆಗೆ ಬರುವುದನ್ನು ಹೇಗೆ ಹೇಳುತ್ತೀರಿ?" ಎಂದು ಸೇತುರಾಮಯ್ಯನವರು ಕೇಳಿದರು.

"ಬರ್ತಾನ್ರಿ. ನಾ ಕರದ್ರ ಎಲ್ಲಿದ್ರೂ ಬರ್ತಾನ. ಬಂದವ್ನ ಅಂಗೈ ಮೂಸ್ತಾನ, ನೆನೆಸಿದ ಹುರುಳಿ ಕೇಳ್ತಾನ."

"ಹಬ್ಬಕ್ಕೆ ಜನ?"

"ಜನ ಬರ್ತೈತ್ರಿ. ಸುತ್ತಮುತ್ತಲ ಹಳ್ಳೀದು ಎಲ್ಲ ಬರ್ತೈತಿ. ಕೂಗ್ತೈತಿ, ನುಗ್ತೈತಿ."

ಸೇತುರಾಮಯ್ಯನವರಿಗೆ ಖುಷಿಯೋ ಸಂಕಟವೋ ಗೊತ್ತಾಗಲಿಲ್ಲ. "ಹೋರಿ ಬಂದ, ಜನ ಬಂತು! ಎಲ್ಲಾ ತಲೆಕೆಳಗಾಯಿತಲ್ಲಪ್ಪ!"

ಹನುಮಂತಪ್ಪ ಕೊಟ್ಟಿಗೆಯ ಕಡೆ ಕೈ ತೋರಿಸಿದ. "ಸರದಾರ ಒಬ್ಬವ್ನ ಅಲ್ರೀ? ನನಗ ಗೊತ್ತಿದ್ದವ. ಜನ ಅಂದ್ರ ಯಾರು ಅಂತ ಹೇಳ್ಲಿ?"

ಅವನು ಹೋರಿಯನ್ನು ಕರೆಯುವ ದನಿಯನ್ನು ಟೇಪಿನಲ್ಲಿ ಹಿಡಿದೆವು. ಆಮೇಲೆ ನಡುಮನೆಯಲ್ಲಿ ಕೂತು, ಸಣ್ಣ ದನಿಯಲ್ಲಿ ಅವನಿಗೇ ಕೇಳಿಸಿದೆವು. ಅವನು ಬೆದರಿ, "ಯಾರ್ರೀ ಇವ?" ಎಂದ.

"ನೀವ! ಇಷ್ಟು ಪ್ರೀತಿಯಿಂದ ನನ್ನ ಒಂದು ದಿನ ಕರದಿದ್ರ ನಾನೂ ಓಡಿ ಬರ್ತಿದ್ದೆ" ಎಂದಳು ಗೌರವ್ವ. ಎಲ್ಲರೂ ನಕ್ಕೆವು. ಸರದಾರ ಆಗ ಹಿತ್ತಿಲಾಚೆ ಮೇಯುತ್ತಿದ್ದ. ಆ ಪೆಟ್ಟಿಗೆಯೊಳಗಿನ ದನಿ ಅವನ ಕಿವಿಗೆ ಬಿದ್ದರೆ ಏನಾದೀತು ಎಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಹಬ್ಬದ ದಿನ ಓಣಿಯ ಆರಂಭದಲ್ಲಿ ನಾಲ್ಕು ಪೀಪಾಯಿಗಳ ಮೇಲೆ ಹಲಗೆ ಹಾಸಿ ಮಂಚಿಕೆ ಕಟ್ಟಿದ್ದರು. ಶಿರಾಳಕೊಪ್ಪದಿಂದ ತಂದ ಮೈಕು, ಅದರ ಬ್ಯಾಟರಿ, ಪಕ್ಕದಲ್ಲಿ ಊರಿನ ಪಟೇಲರು, ಅವರ ಪಕ್ಕದಲ್ಲಿ ಯಂತ್ರ ಹಿಡಿದು ಸೇತುರಾಮಯ್ಯನವರು. ಓಣಿಯ ಇನ್ನೊಂದು ತುದಿ ಕಣದಲ್ಲಿ ಮುಗಿಯುತ್ತಿತ್ತು. ಅಲ್ಲಿ ಹುರುಳಿ ತುಂಬಿದ ಬುಟ್ಟಿ ಹಿಡಿದು ಹನುಮಂತಪ್ಪ ಕಾಯುತ್ತಿದ್ದ. ನಾನೂ ಗೌರವ್ವನೂ ನಡುವೆ ಬೇಲಿಯ ಮೇಲಿದ್ದೆವು.

ಪಟೇಲರು ಬೆಳಗಿನಿಂದ, "ನಿಮ್ಮ ಪೆಟ್ಟಿಗಿ ಮಾತಾಡ್ತೈತಂತಲ್ರಿ, ಮಂದಿಗೆ ಒಂದೀಟು ಕೇಳಸ್ರಿ" ಎನ್ನುತ್ತಿದ್ದರಂತೆ. ಸೇತುರಾಮಯ್ಯನವರು, "ಹೋರಿ ಓಡುವಾಗ ಬೇಡ" ಎಂದು ತಡೆದಿದ್ದರಂತೆ. ಸರದಾರ ಒಂದು ಕೊಬ್ಬರಿಯನ್ನೂ ಕಳೆದುಕೊಳ್ಳದೆ ಓಣಿ ದಾಟುತ್ತಿದ್ದಾನೆಂದು ಕಂಡಾಗ, ಹನುಮಂತಪ್ಪನಿಗೆ ಮರ್ಯಾದೆ ಮಾಡಿದ ಹಾಗಾಗಲಿ ಎಂದು ಅವನ ದನಿಯ ಸುರುಳಿಯನ್ನೇ ಹಾಕಿ ಮೈಕಿನ ಬಾಯಿಗೆ ಹಿಡಿದರು. ಹೋರಿ ಹೋಗಿಯಾಯಿತಲ್ಲ ಎಂದುಕೊಂಡರು. ಊರಿನವರು ಓಣಿಗೆ ಇಳಿದದ್ದೂ ಅದೇ ಲೆಕ್ಕದಿಂದ.

ಕಣದ ಬಾಯಿಯಲ್ಲಿ ಸರದಾರ ನಿಂತ. ಎದುರಿಗೆ ಯಜಮಾನ ಬುಟ್ಟಿ ಹಿಡಿದು ನಿಂತಿದ್ದಾನೆ, ಹಿಂದಿನಿಂದ ಯಜಮಾನ ಕರೆಯುತ್ತಿದ್ದಾನೆ. ಕಿವಿ ಹಿಂದಕ್ಕೆ ಹೊರಳಿತು, ಕುತ್ತಿಗೆ ಹೊರಳಿತು, ಇಡೀ ಮೈ ಹೊರಳಿತು. ಯಾರೋ "ಬಂದ!" ಎಂದರು. ಆಮೇಲೆ ಓಣಿಯ ಉದ್ದಕ್ಕೂ ಅದೊಂದೇ ಕೂಗು. "ಬಂದ, ಬಂದ!" ನಾನೂ ಕೂಗಿದೆ. ಮುದುಕರು, ಕೂಸು ಎತ್ತಿಕೊಂಡ ಹೆಂಗಸರು, ಎಲ್ಲರೂ ಬೇಲಿಯ ಕಡೆ ಬಿದ್ದರು. ಬೇಲಿಯ ಮೇಲೆ ಅಷ್ಟು ಜನಕ್ಕೆ ಜಾಗವಿರಲಿಲ್ಲ. ನಾನು ಎರಡು ಗೂಟಗಳ ನಡುವೆ ಸಿಕ್ಕಿಕೊಂಡೆ. ಹಿಂದಕ್ಕೂ ಇಲ್ಲ, ಮೇಲಕ್ಕೂ ಇಲ್ಲ. ಅವನು ನನ್ನ ಎದೆಯ ಮುಂದೆ ಹಾದ. ಕೊಬ್ಬರಿ ಹಾರ ನನ್ನ ಅಂಗಿಯ ಗುಂಡಿಗೆ ತಗುಲಿ ಗುಂಡಿ ಹರಿದು ಹೋಯಿತು. ಬಿಸಿ ಉಸಿರು, ಹುರುಳಿಯ ವಾಸನೆ. ಕೋಡು ಎಷ್ಟು ದೂರದಲ್ಲಿತ್ತೆಂದು ಈಗಲೂ ಕೈ ಅಗಲಿಸಿ ಅಳೆಯಲು ಹೋಗುತ್ತೇನೆ, ಅಳತೆ ಸಿಗುವುದಿಲ್ಲ.

ಅವನು ಯಾರನ್ನೂ ಹಾಯಲಿಲ್ಲ. ನೇರ ಮಂಚಿಕೆಗೆ ಹೋದ. ದನಿ ಅಲ್ಲಿಂದಲೇ ಬರುತ್ತಿತ್ತು, ಆದರೆ ಮೇಲೆ ಯಜಮಾನ ಕಾಣಲಿಲ್ಲ. ಯಜಮಾನ ಹಲಗೆಯ ಕೆಳಗೆ ಅಡಗಿದ್ದಾನೆಂದುಕೊಂಡನೋ ಏನೋ, ತಲೆ ತೂರಿಸಿ ಎತ್ತಿದ. ಪೀಪಾಯಿಗಳು ಉರುಳಿದವು. ಪಟೇಲರು ಒಂದು ಕಡೆ ಬಿದ್ದರು, ಸೇತುರಾಮಯ್ಯನವರು ಇನ್ನೊಂದು ಕಡೆ. ಅವರ ಬಲಗೈ ಹಲಗೆಯ ಕೆಳಗೆ ಸಿಕ್ಕಿ ಮುರಿಯಿತು. ಯಂತ್ರ ಅವರ ಹೊಟ್ಟೆಯ ಮೇಲೆ ಬಿದ್ದು ಕರೆಯುತ್ತಲೇ ಇತ್ತು. "ಬಾ, ಬಾ, ಬಾ..." ಸರದಾರ ಅವರ ಎದೆಯ ಮೇಲೆ ಬಾಗಿ ಫೂತ್ಕರಿಸುತ್ತ, ಕೋಡಿನಿಂದ ಹಲಗೆ ಸರಿಸುತ್ತ ಹುಡುಕುತ್ತಿದ್ದ.

ಹನುಮಂತಪ್ಪ ಕಣದಿಂದ ಓಡಿ ಬರುತ್ತಿದ್ದ, ಕೂಗುತ್ತಿದ್ದ. ಎರಡು ದನಿ ಕೇಳಿ ಸರದಾರ ಇನ್ನೂ ಗಾಬರಿಯಾದ. ಆಗ ಗೌರವ್ವ ಬೇಲಿಯಿಂದ ಧುಮುಕಿದಳು. ಹೋರಿಯ ಕಡೆ ನೋಡಲಿಲ್ಲ. ನೇರವಾಗಿ ಯಂತ್ರದ ಮುಂದೆ ಕುಕ್ಕರಿಸಿ, "ಸಾಕು ಸುಮ್ನಿರ್ರೀ!" ಎಂದು ಅದಕ್ಕೇ ಗದರಿ, ಕೈಗೆ ಸಿಕ್ಕ ಸುರುಳಿಯನ್ನು ಒತ್ತಿ ಹಿಡಿದಳು. ದನಿ ಎಳೆದೆಳೆದು ನಿಂತಿತು. ಹನುಮಂತಪ್ಪ ಬಂದು ಅಂಗೈ ಚಾಚಿದ. ಸರದಾರ ಮೂಸಿದ. ಮೂಸಿ, ನಡುಗುತ್ತ ನಿಂತುಬಿಟ್ಟ.

ಸೇತುರಾಮಯ್ಯನವರನ್ನು ಗಾಡಿಯಲ್ಲಿ ಶಿರಾಳಕೊಪ್ಪದ ಆಸ್ಪತ್ರೆಗೆ ಒಯ್ದೆವು. ಮರುದಿನ ಊರಿನಿಂದ ಸುದ್ದಿ ಬಂತು. ಆ ಊರಿನಲ್ಲೊಂದು ಕಟ್ಟಳೆ: ಓಣಿಯಲ್ಲಿ ಹಿಂದಿರುಗಿ ಜನರ ಮೇಲೆ ಬಂದ ಹೋರಿಯನ್ನು ಊರಿನಲ್ಲಿ ಇಡುವಂತಿಲ್ಲ. ಮುಂದಿನ ಸಂತೆಗೆ ಹೊಡೆದು ಮಾರಬೇಕು. ಅಂಥ ಹೋರಿಯನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು, ಬೇಸಾಯಕ್ಕಂತೂ ಅಲ್ಲ. ಗೌರವ್ವ ಊಟ ಬಿಟ್ಟಿದ್ದಾಳೆ, ಹನುಮಂತಪ್ಪ ಕೊಟ್ಟಿಗೆಯಿಂದ ಹೊರಗೆ ಬರುತ್ತಿಲ್ಲ ಎಂದರು.

ಸೇತುರಾಮಯ್ಯನವರಿಗೆ ಹೇಳಿದೆ. ಅವರು ಕಟ್ಟು ಹಾಕಿದ ಕೈಯನ್ನು ಎದೆಗಾನಿಸಿ ಎದ್ದು ಕೂತರು. "ಯಂತ್ರ ನಡೆಯುತ್ತದೆಯೇ?"

"ಮುಚ್ಚಳ ನೆಗ್ಗಿದೆ. ನಡೆಯುತ್ತದೆ."

"ಹಾಗಾದರೆ ಗಾಡಿ ಹೇಳು. ನನ್ನ ಛತ್ರಿ ಎಲ್ಲಿ?"

ಪಟೇಲರು ತಮ್ಮ ಚಾವಡಿಯಲ್ಲಿ ಸೊಂಟಕ್ಕೆ ಬಿಸಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. "ಯಾಕ ತಿರುಗಿದ ಅನ್ನೋದು ಬ್ಯಾಡ್ರಿ. ತಿರುಗಿದ್ನಲ್ಲ, ಅಷ್ಟ ಸಾಕು" ಎಂದರು.

"ಯಾಕೆ ಎಂಬುದೇ ಮುಖ್ಯ ಪಟೇಲರೇ. ಪರೀಕ್ಷೆ ಮಾಡಿ ನೋಡಿ. ಹನುಮಂತಪ್ಪನನ್ನು ನಿಮ್ಮ ಪಕ್ಕದಲ್ಲೇ ಬಾಯಿ ಮುಚ್ಚಿ ಕೂರಿಸಿಕೊಳ್ಳಿ. ಹೋರಿಯ ಹಗ್ಗ ಬಿಚ್ಚಿಸಿ. ಯಂತ್ರದ ಹತ್ತಿರ ನಾನು ನಿಲ್ಲುತ್ತೇನೆ."

"ಇನ್ನೊಂದು ಕೈನೂ ಮುರಕೊಳ್ಳೋ ಮನಸ್ಸೈತೇನ್ರಿ?"

"ಅವನು ಮುರಿಯುವುದಿಲ್ಲ."

ಕಣದಲ್ಲಿ ಪರೀಕ್ಷೆ ಆಯಿತು. ಈ ಸಲ ಯಾರೂ ನೆಲದ ಮೇಲಿರಲಿಲ್ಲ. ಊರೆಲ್ಲ ಹುಲ್ಲಿನ ಬಣವೆಯ ಮೇಲೆ, ಗಾಡಿಗಳ ಮೇಲೆ. ನಾನೂ ಗಾಡಿಯ ಮೇಲೇ ಇದ್ದೆ. ಗಾಡಿಯ ಗೂಟವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಕಣದ ನಡುವೆ ಒಂದು ಮುಕ್ಕಾಲಿ, ಅದರ ಮೇಲೆ ಯಂತ್ರ, ಪಕ್ಕದಲ್ಲಿ ಕೋಟಿನ ಒಂದು ತೋಳು ಖಾಲಿ ಬಿಟ್ಟು ನಿಂತ ಸೇತುರಾಮಯ್ಯನವರು. ಎಡಗೈಯಿಂದ ತಾವೇ ಗುಂಡಿ ಒತ್ತಿದರು.

"ಬಾರೋ ಸರದಾರಾ..."

ಆ ತುದಿಯಲ್ಲಿ ಹುಲ್ಲು ಮೂಸುತ್ತಿದ್ದ ಸರದಾರ ತಲೆ ಎತ್ತಿದ. ಪಟೇಲರ ಪಕ್ಕದಲ್ಲಿ ಕೂತ ಹನುಮಂತಪ್ಪನ ಕಡೆಗೆ ಅವನು ನೋಡಲೂ ಇಲ್ಲ. ಓಡಲಿಲ್ಲ, ನಡೆದು ಬಂದ. ಅಂದು ಕೂಗುವವರು ಯಾರೂ ಇರಲಿಲ್ಲ. ಯಂತ್ರದ ಸುತ್ತ ಒಂದು ಸುತ್ತು ಬಂದು ಅದರ ಮುಚ್ಚಳ ನೆಕ್ಕಿದ. ಹುರುಳಿ ಸಿಗಲಿಲ್ಲ. ಸೇತುರಾಮಯ್ಯನವರ ಎಡಗೈ ಮೂಸಿದ. ಅವರು ಕಣ್ಣು ಮುಚ್ಚಿಕೊಂಡಿದ್ದರು, ಆದರೆ ಕೈ ಹಿಂದಕ್ಕೆಳೆಯಲಿಲ್ಲ.

"ನೋಡಿದಿರಾ ಪಟೇಲರೇ," ಎಂದರು. "ಅವನ ತಪ್ಪಿಲ್ಲ. ಯಜಮಾನ ಕರೆದ, ಅವನು ಬಂದ. ಕರೆದದ್ದು ಸುಳ್ಳು ದನಿ. ಕರೆಸಿದವನು ನಾನು."

ಪಟೇಲರು ಮೀಸೆ ಸವರಿಕೊಂಡರು. "ಕೇಳಸ್ರಿ ಅಂದವ ನಾನ ಬಿಡ್ರಿ ಮತ್ತ" ಎಂದು ಗೊಣಗಿ, ಆಮೇಲೆ ಜೋರಾಗಿ, "ಸರದಾರ ಊರಾಗ ಇರ್ಲಿ. ಹಬ್ಬದ ದಿನ ಆ ಪೆಟ್ಟಿಗಿ ಮಾತ್ರ ನಮ್ಮ ಗಡಿ ದಾಟಬಾರ್ದು" ಎಂದರು. ಗೌರವ್ವ ಬಣವೆಯ ಮೇಲೆ ಕೂತು ಅಳುತ್ತ ನಗುತ್ತಿದ್ದಳು. ಹನುಮಂತಪ್ಪ ಎದ್ದು ಕಣದ ನಡುವೆ ಬಂದ. ಸೇತುರಾಮಯ್ಯನವರ ಕೋಟಿನ ಖಾಲಿ ತೋಳನ್ನು ಹಿಡಿದುಕೊಂಡು ನಿಂತ.

ಕೆಲಸ ಮುಂದುವರಿಯಿತು. ಚೀಟಿಗಳು ಪೆಟ್ಟಿಗೆ ತುಂಬಿದವು. ಸೇತುರಾಮಯ್ಯನವರು ಆಮೇಲೆ ಯಾರ ಮಾತನ್ನೂ ತಿದ್ದಲಿಲ್ಲ. ನಾಲಗೆಯ ತುದಿಗೆ ಬಂದದ್ದನ್ನು ಛತ್ರಿಯಿಂದ ನೆಲಕ್ಕೆ ಕುಟ್ಟುತ್ತಿದ್ದರು. ನನಗೆ ಮಾತ್ರ ನಿದ್ದೆ ಹಾರಿಹೋಯಿತು. ಶಿರಾಳಕೊಪ್ಪದ ಬಾಡಿಗೆ ಕೋಣೆಯ ಕೆಳಗೆ ಸಂತೆಯ ಗಾಡಿಗಳು ಹಾದರೆ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದೆ. ಎಚ್ಚರವಾದಾಗ ಕೈ ಅಂಗಿಯ ಗುಂಡಿಯ ಮೇಲಿರುತ್ತಿತ್ತು. ಕೋಣೆ ಕೊಟ್ಟ ಮನೆಯವರಿಗೆ ಹೇಳಲಿಲ್ಲ; ಹಲ್ಲಿನ ನೋವು ಎಂದೆ.

ಮರುವರ್ಷದ ಹಬ್ಬಕ್ಕೆ ಹನುಮಂತಪ್ಪ ಹೇಳಿಕಳಿಸಿದ. ಹೋಗುವ ಧೈರ್ಯ ಇರಲಿಲ್ಲ. ಸೇತುರಾಮಯ್ಯನವರು ಒಂದು ಅಚ್ಚು ಬೆಲ್ಲ ಕೈಗಿತ್ತು, "ಇದು ಸರದಾರನಿಗೆ. ನೀನೇ ಕೊಡಬೇಕು" ಎಂದರು. ಹೋದೆ. ಮೈಕು ಇರಲಿಲ್ಲ. ಹೋರಿ ಕಣ ಸೇರಿ ಹಗ್ಗ ಬೀಳುವ ತನಕ ಬೇಲಿಯಿಂದ ಯಾರೂ ಇಳಿಯಬಾರದೆಂದು ಹೊಸ ಕಟ್ಟಳೆ ಆಗಿತ್ತು. ಹನುಮಂತಪ್ಪ ನನ್ನ ರಟ್ಟೆ ಹಿಡಿದು ಕಣಕ್ಕೆ ಕರೆದುಕೊಂಡು ಹೋದ. "ಇಲ್ಲೇ ನಿಂದ್ರ್ರಿ. ಎದುರಿಗೆ ಬರೋದು ನೋಡ್ರಿ. ತಿರುಗಿ ಬಂದಿದ್ದನ್ನಷ್ಟ ನೋಡೀರಿ, ಅದಕ್ಕ ಅಂಜಿಕಿ."

ಸರದಾರ ಓಣಿಯಿಂದ ಬಂದ. ಧೂಳು, ಕೂಗು, ಬಿಸಿಲಲ್ಲಿ ಹೊಳೆಯುವ ಕೋಡು. ಅವನು ಹತ್ತಿರವಾದಂತೆ ಓಟ ಇಳಿಸಿ, ನಡೆದು ಬಂದು, ಹನುಮಂತಪ್ಪನ ಅಂಗೈ ಮೂಸಿದ. ಆಮೇಲೆ ನನ್ನದು. ಬೆಲ್ಲ ಕರಗಿ ಕೈಗೆ ಅಂಟಿತ್ತು. ಒರಟು ನಾಲಗೆಯಿಂದ ಮೂರು ಸಲ ನೆಕ್ಕಿ ಅದನ್ನು ತೆಗೆದ.

ಆ ಸಂಜೆ ಗೌರವ್ವ ಹಾಕಿದ ಹೋಳಿಗೆ ತಿಂದು ಜಗಲಿಯಲ್ಲಿ ಕಂಬಳಿ ಹಾಸಿ ಮಲಗಿದೆ. ಕೊಟ್ಟಿಗೆ ಅಲ್ಲೇ ಪಕ್ಕ. ಮೆಲುಕು ಹಾಕುವ ಸದ್ದು ಕೇಳುತ್ತಿತ್ತು, ಅಷ್ಟು ನೆನಪು. ಕಣ್ಣು ಬಿಟ್ಟಾಗ ಬಿಸಿಲು ಮುಖದ ಮೇಲೆ, ಗೌರವ್ವ ಪೊರಕೆ ಹಿಡಿದು ನಗುತ್ತ ನಿಂತಿದ್ದಾಳೆ.

"ಏನ್ ನಿದ್ದಿರೀ ಅದು! ನೀರಿಗೆ ಹೊಡಕೊಂಡು ಹೋಗುವಾಗ ಸರದಾರ ಜಗಲಿಗೆ ಬಂದು ನಿಮ್ಮ ಮುಖ ಮೂಸಿದ. ಇವರು ಬ್ಯಾಡೋ ಅಂತ ಎಷ್ಟು ಕೂಗಿದ್ರು. ನೀವು ಮಿಸುಕಲಿಲ್ಲ."

ಕೆನ್ನೆ ಮುಟ್ಟಿ ನೋಡಿಕೊಂಡೆ. ಇನ್ನೂ ಒದ್ದೆಯಾಗಿತ್ತು.